ಮಾರಿಯಮ್ಮನ ಬಾಗಿಲ ಪಕ್ಕದ ಕಬ್ಬಿಣ

ನಂದಿದುರ್ಗ ಲೈನ್ಸ್, ಕೆಜಿಎಫ್
ಬುಧವಾರ

ಅತ್ತೇ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಅಣುಸ್ಥಾವರದ ಕಸದಲ್ಲಿ ಸಾವಿರಾರು ವರ್ಷ ಉಳಿಯುವ ವಿಕಿರಣ ಎಳ್ಳಷ್ಟಿದ್ದರೂ ನಾವು ಅಳೆಯಬೇಕಲ್ಲ, ಹಾಗೆ ಅಳೆಯುವ ಯಂತ್ರವನ್ನು ಮುಚ್ಚಿಡುವ ಪೆಟ್ಟಿಗೆಗೆ ಅಣುಬಾಂಬಿಗಿಂತ ಹಳೆಯ ಕಬ್ಬಿಣ ಬೇಕು. ಆಮೇಲೆ ಕರಗಿಸಿ ಮಾಡಿದ ಕಬ್ಬಿಣದಲ್ಲಿ ಬಾಂಬಿನ ವಿಕಿರಣದ ಧೂಳು ಸೇರಿರುತ್ತದೆ. ಅದಕ್ಕೇ ಹಳೆ ಕಬ್ಬಿಣ ಹುಡುಕಿಕೊಂಡು ಗಣಿ ಮುಚ್ಚಿದ ಈ ಊರಿಗೆ ಬಂದದ್ದು.

ಇವತ್ತು ಮಾರಿಯಮ್ಮ ಎಂಬ ಮುದುಕಿಯ ಬಾಗಿಲ ಪಕ್ಕ ನೆಲಕ್ಕೆ ಹಾಸಿದ್ದ ಬ್ರಿಟಿಷರ ಕಾಲದ ದಪ್ಪ ಕಬ್ಬಿಣದ ತಗಡು ಕಂಡೆ. "ನೋಡ್ಕೋ ತಾಯಿ" ಎಂದಳು. ಅಷ್ಟಕ್ಕೇ ನಾನು ಚಪ್ಪಲಿ ಕಾಲಲ್ಲೇ ಹತ್ತಿ ನಿಂತು, ಪರೀಕ್ಷೆಗೆ ಚೂರು ಪುಡಿ ಬೇಕೆಂದು ಡ್ರಿಲ್ ಇಟ್ಟೆ. ಅವಳು ಒಳಗೆ ಓಡಿ ಅರಿಶಿನ ತಂದು ಆ ತೂತಿಗೆ ಮೆತ್ತಿದಳು, ಮಗುವಿನ ಗಾಯಕ್ಕೆ ಮೆತ್ತುವ ಹಾಗೆ!

"ನಮ್ ಮಾವ ಗಣಿ ಒಳ್ಗೆ ಬಂಡೆ ಸಿಡ್ದು ಓದ್ರು. ಎಣ ಸಿಗ್ಲಿಲ್ಲ. ಅವ್ರು ನಿಂತಿದ್ ಜಾಗದಿಂದ ಜೊತೆಗಾರ್ರು ಇದನ್ನ ಮೇಲಕ್ಕೆ ತಂದ್ರು. ನಮ್ಗೆ ಸಮಾಧಿ ಅಂದ್ರೆ ಇದೇ."

ನಾನು ಧಡಕ್ಕನೆ ಕೆಳಗಿಳಿದೆ. ಬೈಯಲಿಲ್ಲ ಅತ್ತೆ ಅವಳು, ಕಾಫಿ ಕೊಟ್ಟಳು. ಯಂತ್ರದ ಪೆಟ್ಟಿಗೆಗೆ ಕಬ್ಬಿಣ ಬೇಕಿತ್ತು ಎಂದು ಹೇಳಿದೆ. "ಒಳ್ಳೆ ಕೆಲ್ಸಕ್ಕಾದ್ರೆ ತಗೊಂಡೋಗು" ಎಂದೂ ಅಂದಳು.

ಕೆಮ್ಮು ವಾಸಿಯಾಗಿದೆ, ಕಷಾಯದ ಪುಡಿ ಕಳಿಸಬೇಡ. ಶುಕ್ರವಾರ ಬಂಗಾರಪೇಟೆಯಲ್ಲಿ ರೈಲು ಹತ್ತುತ್ತೇನೆ, ಬರಿಗೈಯಲ್ಲಿ. ಯಾಕೆಂದರೆ ನಾನು ಹೊರಡುವಾಗ ಅವಳು ತಗಡನ್ನು ಸವರುತ್ತಾ ಕೇಳಿದಳು: "ನಿಮ್ ಪೆಟ್ಗೆ ಒಳ್ಗೂ ಗಣಿ ತರ ಕತ್ಲೇನಾ?"

ಕಾರ್ಡು ತುಂಬಿತು.
ಮಂದಾಕಿನಿ