ಮೊಳೆಗೆ ನೇತುಹಾಕಿದ ಸಾಕ್ಷಿಬಳೆ

ಕೊಪ್ಪಳ, ಇಸವಿ ೨೨೦೭, ಫೆಬ್ರವರಿ ಮೂವತ್ತು

ಹಿಂದಿನ ಕಾಲದವರಿಗೆ,

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ನೀವು ನಗಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ. ನಾನು ಏಳನೆಯ ತರಗತಿಯವರೆಗೆ ಓದಿದವಳು, ದಿನಚರಿ ಬಿಟ್ಟು ಬೇರೇನೂ ಬರೆದಿಲ್ಲ.

ಬೌದ್ಧಿಕ ಅಂಗವೈಕಲ್ಯ ಎಂದು ನೀವು ಬರೆಯುತ್ತಿದ್ದಿರಂತೆ. ನಾವು ನಿಧಾನದವರು ಎನ್ನುತ್ತೇವೆ. ಅವರ ಮನೆಗೆ ವಾರಕ್ಕೊಂದು ದಿನ ಬಂದು ಜೊತೆಯಲ್ಲಿರುವ ಸ್ವಯಂಸೇವಕರಿಗೆ ನಮ್ಮಲ್ಲಿ ಜೊತೆಗಾರರು ಎಂದು ಹೆಸರು. ನನ್ನ ತಮ್ಮ ಚನ್ನವೀರ ನಿಧಾನದವನು. ಮೂವತ್ತನಾಲ್ಕು ವರ್ಷವಾದರೂ ಗಡಿಯಾರ ನೋಡಲು ಬರುತ್ತಿರಲಿಲ್ಲ, ಆದರೆ ಬುಧವಾರ ಯಾವಾಗೆಂದು ತಪ್ಪದೆ ಗೊತ್ತಿತ್ತು. ಬುಧವಾರ ದಾಕ್ಷಾಯಣಿ ಬರುತ್ತಿದ್ದಳು.

ಇಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮುಚ್ಚುಗಾಲ. ಆ ಬಿಸಿಲಿಗೆ ಯಾರೂ ಹೊರಬೀಳುವಂತಿಲ್ಲ, ಬೀದಿಬಾಗಿಲುಗಳು ತಾವೇ ಮುಚ್ಚಿಕೊಳ್ಳುತ್ತವೆ. ನೀರಿನಿಂದ ಉಪ್ಪು ಸೋಸುವ ನೆಲಮಾಳಿಗೆಯಲ್ಲಿ ನಾನು ಕೆಲಸಕ್ಕಿದ್ದೆ. ಅಷ್ಟು ಹೊತ್ತು ಮನೆಯೊಳಗೆ ಅವರಿಬ್ಬರೇ. ಅದಕ್ಕೇ ಜೊತೆಗಾರರ ಕೈಗೆ ಸಾಕ್ಷಿಬಳೆ ತೊಡಿಸುತ್ತಾರೆ. ಕಂಡದ್ದನ್ನೂ ಕೇಳಿದ್ದನ್ನೂ ಅದು ಕಚೇರಿಗೆ ತಿಳಿಸುತ್ತದೆ. ನಾನು ನಂಬಿದ್ದು ಆ ಬಳೆಯನ್ನು, ಅವಳನ್ನಲ್ಲ. ಸಂಬಳವಿಲ್ಲದೆ ಬೇರೆಯವರ ತಮ್ಮನ ಜೊತೆ ಕೂಡುವವಳಿಗೆ ಏನು ಬೇಕಾಗಿದೆ? ಪ್ರತಿ ಬುಧವಾರ ಕೆಲಸದಿಂದ ಬಂದ ಕೂಡಲೇ ಡಬ್ಬಿಗಳನ್ನು ತೆರೆದು ನೋಡುತ್ತಿದ್ದೆ. ಏನೂ ಕಡಿಮೆಯಾಗಿರುತ್ತಿರಲಿಲ್ಲ. ಅದರಿಂದ ಅನುಮಾನ ಇನ್ನಷ್ಟು ಹೆಚ್ಚಿತು.

ಒಂದು ಬುಧವಾರ ಯಂತ್ರ ಕೆಟ್ಟು, ಮುಚ್ಚುಗಾಲ ಶುರುವಾಗುವ ಮೊದಲೇ ಮನೆಗೆ ಬಂದೆ. ಸಾಕ್ಷಿಬಳೆ ಗೋಡೆಯ ಮೊಳೆಯಲ್ಲಿತ್ತು, ಅದರ ಮೇಲೊಂದು ಟವೆಲ್. ತಮ್ಮನ ಹೆಬ್ಬೆರಳಿಗೆ ಬಟ್ಟೆಯ ಪಟ್ಟಿ. ಅಡುಗೆಮನೆಯ ಚಾಕುವಿನ ಹಿಡಿಗೆ ಯಾರೋ ಕೆಂಪು ಬಟ್ಟೆ ಸುತ್ತಿದ್ದರು.

“ಬಳಿ ಯಾಕ ತಗದಿ?” ಎಂದೆ.

“ಚನ್ನೂಗ ಅದು ಸೇರೂದಿಲ್ರೀ ಅಕ್ಕಾರ,” ಎಂದು ದಾಕ್ಷಾಯಣಿ ಕಣ್ಣು ತಪ್ಪಿಸಿದಳು.

“ಬೆರಳಿಗೆ ಏನಾತು?”

“ಸಣ್ಣ ಗಾಯರೀ.”

ಚನ್ನು ಅವಳ ಸೆರಗು ಹಿಡಿದು ನಗುತ್ತಿದ್ದ. ಆ ನಗುವನ್ನೂ ನಾನು ಅನುಮಾನದಿಂದಲೇ ನೋಡಿದೆ. ಅಂದೇ ಎರಡು ಸಾಲಿನ ದೂರು ಬರೆದೆ. ಬಳೆ ತೆಗೆದವರನ್ನು ಮತ್ತೆ ಯಾವ ಮನೆಗೂ ಕಳುಹಿಸುವುದಿಲ್ಲ. ಮುಂದಿನ ಬುಧವಾರಗಳಲ್ಲಿ ಚನ್ನು ಬಾಗಿಲ ಬಳಿ ಎರಡು ಮಣೆ ಹಾಕಿ, ಒಂದರ ಮೇಲೆ ತಾನು ಕೂಡುತ್ತಿದ್ದ.

ಆರು ವಾರದ ಮೇಲೆ ನನಗೆ ಜ್ವರ ಬಂತು. ಬೆಳಿಗ್ಗೆ ಎಚ್ಚರವಾದಾಗ ಈರುಳ್ಳಿಯ ವಾಸನೆ. ಎದ್ದು ನೋಡಿದರೆ ಚನ್ನು ಚಾಕುವನ್ನು ಕೆಂಪು ಬಟ್ಟೆಯ ಕಡೆ ಹಿಡಿದು, ನಾಲಿಗೆ ಕಚ್ಚಿಕೊಂಡು, ಈರುಳ್ಳಿ ಹೆಚ್ಚುತ್ತಿದ್ದ. ನಿಧಾನದವರ ಕೈಗೆ ಚಾಕು ಕೊಡಬಾರದೆಂದು ಇಲ್ಲಿ ಕಾನೂನಿದೆ. ಕಂಡರೆ ಬಳೆ ಕೂಗಿಕೊಳ್ಳುತ್ತದೆ.

“ಯಾರು ಕಲಿಸಿದ್ರೋ?”

“ದಾಕ್ಷಕ್ಕ. ನಿನಗ ಉಪ್ಪಿಟ್ಟು ಮಾಡಾಕ.”

“ಮತ್ತ ನನಗ್ಯಾಕ ಹೇಳಲಿಲ್ಲೋ?”

ಅವನು ಆ ಈರುಳ್ಳಿ ಮುಗಿಸಿದ ಮೇಲೆಯೇ ಉತ್ತರ ಕೊಟ್ಟ. “ನೀ ಬೆರಳ ನೋಡಿದಿ. ನನ್ನ ಕೇಳಲೇ ಇಲ್ಲ.”

ದೂರು ಹಿಂಪಡೆಯಲು ಮೂರು ಸಲ ಕಚೇರಿಗೆ ಹೋದೆ. ಬಳೆ ನೋಡದ ಒಳ್ಳೆಯತನ ಲೆಕ್ಕಕ್ಕಿಲ್ಲ ಎಂದರು. ಹಾಗಾದರೆ ಚನ್ನುವನ್ನೇ ಕೇಳಿ ಎಂದೆ. ಅವನ ಮಾತು ಸಾಕ್ಷಿಯಾಗುವುದಿಲ್ಲವಂತೆ. ಸಿಟ್ಟು ನೆತ್ತಿಗೇರಿತು. ನಾನು ಮಾಡಿದ್ದೂ ಅದೇ ಎಂದು ಹೊಳೆದದ್ದು ದಾರಿಯಲ್ಲಿ. ದಾಕ್ಷಾಯಣಿ ಯಾವ ಊರಿಗೆ ಹೋದಳೋ ತಿಳಿಯಲಿಲ್ಲ. ಆಷಾಢದಲ್ಲಿ ಎದೆಬೇನೆ ಬಂದು ಚನ್ನು ತೀರಿಕೊಂಡ. ಎರಡು ಮಣೆಗಳನ್ನು ನಾನಿನ್ನೂ ಎತ್ತಿಟ್ಟಿಲ್ಲ.

ನಾನು ಈಗಲೂ ಯಾರನ್ನೂ ಸುಲಭವಾಗಿ ನಂಬುವವಳಲ್ಲ, ನಿಮ್ಮನ್ನೂ ನಂಬುವುದಿಲ್ಲ. ಇಂಥ ಬಳೆಯನ್ನು ಮೊದಲು ಬಯಸಿದವರು ನೀವೇ ಇರಬಹುದು. ಮನೆಗೆ ಬರುವವರನ್ನು ಅನುಮಾನಿಸಬೇಡಿ ಎನ್ನಲಾರೆ, ಕೆಟ್ಟವರೂ ಬರುತ್ತಾರೆ. ಆದರೆ ದೂರು ಬರೆಯುವ ಮೊದಲು, ಅವರು ಯಾರ ಜೊತೆ ಕೂತಿದ್ದರೋ ಅವರನ್ನು ಕೇಳಿ. ಉತ್ತರ ತಡವಾಗಿ ಬರಬಹುದು. ಈರುಳ್ಳಿ ಮುಗಿಯುವವರೆಗೆ ಕಾಯಿರಿ.

ಬಟ್ಟೆ ಮಾಸಿ ಕೆಂಪು ಹೋಗಿದೆ. ಚಾಕುವನ್ನು ನಾನೂ ಅಲ್ಲೇ ಹಿಡಿಯುತ್ತೇನೆ.

ಇಂತಿ,
ಚನ್ನವೀರನ ಅಕ್ಕ