ಗಂಡನ ಸಹಿ

ಜುಲೈ ೧೪, ಭಾನುವಾರ

ನನ್ನ ಪುಟ್ಟಿಗೆ ಅಮ್ಮನ ಪ್ರೀತಿಯ ಆಶೀರ್ವಾದ.

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಉತ್ತರ ಬರೆಯದೆ ಇಷ್ಟು ದಿನ ತಳ್ಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಮಂಡಿನೋವು, ಕೂತು ಬರೆಯಲು ಆಗುವುದಿಲ್ಲ ಎಂದೆ. ‘ಮಂಡೀಲಿ ಬರೀತೀಯಾ ಅಮ್ಮ?’ ಎಂದು ನಕ್ಕೆಯಲ್ಲ, ಆಗಲೇ ನನ್ನ ಕಳ್ಳತನ ನಿನಗೆ ಗೊತ್ತಾಯಿತೇನೋ ಅಂದುಕೊಂಡಿದ್ದೆ.

ಅಪ್ಪ ಚೆನ್ನಾಗಿದ್ದಾರೆ. ಹೊಸ ಹಲ್ಲುಸೆಟ್ಟು ಬಂದಿದೆ. ಊಟಕ್ಕೆ ಕೂತಾಗ ತೆಗೆದಿಡುತ್ತಾರೆ, ಹರಟೆಗೆ ಕೂತಾಗ ಹಾಕಿಕೊಳ್ಳುತ್ತಾರೆ. ನಿನಗೆ ಕೆಲಸ ಸಿಕ್ಕಿದ್ದನ್ನು ಬೀದಿಗೆಲ್ಲ ಸಾರಿದ್ದೂ ಆಯಿತು. ಜನರ ಅರ್ಜಿ ತೆಗೆದುಕೊಳ್ಳುವ ಕಿಟಕಿಗೇ ನಿನ್ನನ್ನು ಕೂರಿಸಿದ್ದಾರೆ ಎಂದು ಓದಿ ನಾನೂ ಹಿಗ್ಗಿದೆ. ಆದರೆ ‘ನಿನ್ನ ಹಾಗೇ ಜನಕ್ಕೆ ಸಹಾಯ ಮಾಡ್ತೀನಿ’ ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ ಬಂದಾಗ ಕಾಗದ ಮಡಿಸಿಟ್ಟುಬಿಟ್ಟೆ. ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ನಿನಗೆ ಸುಳ್ಳು ಹೇಳಿದ ಹಾಗೆಯೇ.

ಕಾಜಕ್ಕ ನೆನಪಿದ್ದಾಳಲ್ಲ? ಹಿಂದಿನ ಬೀದಿಯಲ್ಲಿ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುವವಳು. ಆ ಹೆಸರಿಟ್ಟವಳೂ ನೀನೇ. ಏಪ್ರಿಲ್ ಮೊದಲ ವಾರ ನಮ್ಮ ಆಸ್ಪತ್ರೆಗೆ ಬಂದಳು. ಹಿಂದಿದ್ದವರನ್ನೆಲ್ಲ ಮುಂದೆ ಬಿಟ್ಟು, ಸಾಲು ಖಾಲಿಯಾದ ಮೇಲೆ ನನ್ನ ಕಿಟಕಿಗೆ ಮುಖ ತಂದು ಮೆಲ್ಲಗೆ ಹೇಳಿದಳು: ‘ಅಕ್ಕಾ, ಒಂಬತ್ತು ವಾರ ಆಗಿದೆ. ನನಗಿದು ಬೇಡ. ತೆಗೆಸಬೇಕು.’ ಆಗಲೇ ಇಬ್ಬರು ಮಕ್ಕಳು. ಎರಡನೆಯ ಹೆರಿಗೆಯಲ್ಲಿ ಸತ್ತು ಬದುಕಿದವಳು. ಇನ್ನೊಂದಕ್ಕೆ ಕೈ ಹಾಕಬೇಡ ಎಂದು ಡಾಕ್ಟರೇ ಹೇಳಿದ್ದರಂತೆ. ಗಂಡ ಲಾರಿ ಓಡಿಸುವವನು, ತಿಂಗಳುಗಟ್ಟಲೆ ದೂರ.

ಒಂದು ಚೀಟಿ ಬರೆದು ಒಳಗೆ ಕಳಿಸಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಗಂಡನ ಸಹಿ ತೆಗೆದುಕೊಂಡು ಬಾ ಎಂದೆ.

ಹಾಗೆಂದು ಯಾವ ನಿಯಮವೂ ಇಲ್ಲ, ಪುಟ್ಟಿ. ಹದಿನೆಂಟು ತುಂಬಿದ ಹೆಂಗಸಿಗೆ ಅವಳ ಸಹಿಯೇ ಸಾಕು ಎಂಬ ಸುತ್ತೋಲೆ ಎರಡು ವರ್ಷದ ಹಿಂದೆಯೇ ಬಂದಿತ್ತು. ಅದನ್ನು ಫೈಲಿಗೆ ಹಾಕಿದವಳು ನಾನೇ. ಆದರೂ ಕೇಳುತ್ತಿದ್ದೆ. ನಾಳೆ ಗಂಡ ಬಂದು ಗಲಾಟೆ ಮಾಡಿದರೆ ನಮ್ಮ ತಲೆಗೆ ಬರುತ್ತದೆ, ಕೇಳಿಬಿಡಮ್ಮ ಎಂದು ನನಗೆ ಕೆಲಸ ಕಲಿಸಿದ ಹಳೆಯ ಗುಮಾಸ್ತರು ಹೇಳಿಕೊಟ್ಟಿದ್ದರು. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಹಾಗೆ ಕೇಳಿದಾಗ ಎದುರಿನವರ ಮುಖ ಇಳಿಯುವುದನ್ನು ನೋಡಿದರೆ, ನಾನೂ ಒಂದು ಕುರ್ಚಿಯಲ್ಲಿ ಕೂತಿದ್ದೇನೆ ಅನ್ನಿಸುತ್ತಿತ್ತು.

ಎರಡು ವಾರ ಬಿಟ್ಟು ಮತ್ತೆ ಬಂದಳು. ಗಂಡ ಫೋನಿಗೆ ಸಿಕ್ಕಿದ್ದನಂತೆ, ನಿನ್ನಿಷ್ಟ ಅಂದನಂತೆ, ಊರಿಗೆ ಬರುವುದು ಮಾತ್ರ ಇನ್ನೂ ತಡವಂತೆ. ಇಲ್ಲಿಂದಲೇ ಮಾತಾಡಿಸಲಾ ಎಂದು ಫೋನು ಮುಂದೆ ಹಿಡಿದಳು. ಆಗುವುದಿಲ್ಲ ಎಂದೆ. ಆ ವಾರ ನಮ್ಮ ಲೇಡಿ ಡಾಕ್ಟರು ಬೇರೆ ರಜೆಯಲ್ಲಿದ್ದರು. ಪಕ್ಕದ ಊರಿನ ಆಸ್ಪತ್ರೆಯಲ್ಲಿ ದಿನವೂ ನೋಡುತ್ತಾರೆ ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೂರನೆಯ ಸಲ ಬಂದಾಗ ಹದಿಮೂರು ವಾರವಾಗುತ್ತ ಬಂದಿತ್ತು. ಕಾಗದದ ಮೇಲೆ ಸಹಿ ಇತ್ತು. ಬಟ್ಟೆಗಂಟಿನ ಚೀಟಿಗಳ ಮೇಲೆ ಅವಳ ಬರಹವನ್ನು ಎಷ್ಟೋ ವರ್ಷದಿಂದ ನೋಡಿದವಳು ನಾನು. ಸೊಟ್ಟಗೆ ಬಾಲ ಬಿಡುವ ಅದೇ ಅಕ್ಷರ. ಸಾಲಿನಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಕಾಗದವನ್ನು ಆಚೆ ತಳ್ಳಿ, ಅವರಿಗೆಲ್ಲ ಕೇಳುವ ಹಾಗೆ ಹೇಳಿದೆ: ‘ಇದು ನಿನ್ನ ಗಂಡನ ಸಹಿ ಅಲ್ಲ. ಕಳ್ಳ ಸಹಿ ಹಾಕಿದ್ರೆ ಪೊಲೀಸರಿಗೆ ಹೇಳಬೇಕಾಗುತ್ತೆ.’

ಅವಳು ಕಾಗದವನ್ನು ಸಣ್ಣಗೆ ಮಡಿಸಿ ಮುಷ್ಟಿಯಲ್ಲಿಟ್ಟುಕೊಂಡು ಹೋದಳು. ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ, ಬಂದುಹೋದ ಮೂರು ತಾರೀಖುಗಳ ಕೆಳಗೆ, ‘ರೋಗಿ ಮರಳಿ ಬರಲಿಲ್ಲ’ ಎಂದು ಬರೆದೆ.

ಒಂಬತ್ತು ದಿನದ ಮೇಲೆ ಅವಳನ್ನು ಹೊತ್ತು ತಂದರು. ಯಾರೋ ತಂದುಕೊಟ್ಟ ಮಾತ್ರೆಯನ್ನು, ಎಷ್ಟು, ಹೇಗೆ ಎಂದು ಹೇಳುವವರಿಲ್ಲದೆ ನುಂಗಿದ್ದಳು. ಆಟೋದ ಸೀಟು, ಕರೆತಂದ ಪಕ್ಕದ ಮನೆಯವಳ ಮಡಿಲು, ಎಲ್ಲ ರಕ್ತ. ಆ ದಿನ ಚೀಟಿಯನ್ನು ನನ್ನ ಕೈಯಿಂದ ನರ್ಸೇ ಕಿತ್ತುಕೊಂಡು ಬರೆದಳು. ಆಪರೇಷನ್ ಆಯಿತು. ಬದುಕಿದಳು. ಗರ್ಭಕೋಶ ಉಳಿಯಲಿಲ್ಲ. ಈಗಲೂ ನಾಲ್ಕು ಗುಂಡಿ ಹಾಕುವಷ್ಟರಲ್ಲಿ ಗೋಡೆಗೆ ಒರಗುತ್ತಾಳಂತೆ.

ಮರುದಿನ ಲೇಡಿ ಡಾಕ್ಟರು ಬಂದು ಪುಸ್ತಕ ತೆಗೆಸಿದರು. ‘ಈಕೆ ಮೂರು ಸಲ ಬಂದಿದಾಳೆ. ನನ್ನ ಹತ್ರ ಒಂದು ಸಲಾನೂ ಬಂದಿಲ್ಲ. ಯಾಕೆ?’

ಕಾಗದ ಸರಿ ಇರಲಿಲ್ಲ ಎಂದೆ.

‘ಯಾವ ಕಾಗದ?’

ನಾನು ಪುಸ್ತಕ ಮುಚ್ಚಿ ಎತ್ತಿಟ್ಟೆ. ಅವರು ಬೈಯಲಿಲ್ಲ. ಮೊದಲ ಸಲವೇ ಒಳಗೆ ಬಿಟ್ಟಿದ್ದರೆ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಿದ್ದೆ ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನ ಅದನ್ನು ಹೊಟ್ಟೆಯೊಳಗಿಟ್ಟುಕೊಂಡು ಓಡಾಡಿದೆ. ಕೊನೆಗೆ ಡಾಕ್ಟರಿಗೆ ಹೇಳಿದೆ, ಮೇಲಧಿಕಾರಿಗೂ ಬರೆದುಕೊಟ್ಟೆ. ‘ಮರಳಿ ಬರಲಿಲ್ಲ’ ಎಂಬುದನ್ನು ಹೊಡೆದುಹಾಕಿ ‘ಮೂರು ಸಲ ವಾಪಸು ಕಳಿಸಲಾಯಿತು’ ಎಂದು ಬರೆದೆ. ಓದಿ ನೋಡಿದರೆ ಅಲ್ಲೂ ನಾನಿರಲಿಲ್ಲ. ಅದನ್ನೂ ಹೊಡೆದು ‘ನಾನು ಕಳಿಸಿದೆ’ ಎಂದು ತಿದ್ದಿದೆ. ಈಗ ನನ್ನನ್ನು ಹಳೆಯ ಫೈಲುಗಳ ಕೋಣೆಗೆ ಹಾಕಿದ್ದಾರೆ. ಮುಂದೇನು ಮಾಡುತ್ತಾರೋ ಗೊತ್ತಿಲ್ಲ. ಆ ಸುತ್ತೋಲೆಯನ್ನು ಕಿಟಕಿಯ ಗಾಜಿಗೆ ಅಂಟಿಸಿದ್ದಾರೆ. ಅಪ್ಪನಿಗೆ ಹೇಳಿದಾಗ, ಅವರವರ ಹಣೆಬರಹ, ನೀನೇನು ಮಾಡುತ್ತೀ ಎಂದು ಸಮಾಧಾನ ಮಾಡಲು ನೋಡಿದರು. ಹಣೆಬರಹ ಯಾಕಾಗುತ್ತದೆ, ಪುಟ್ಟಿ? ನನ್ನ ಕೈಬರಹ ಅದು.

ನಿನಗೆ ಬುದ್ಧಿ ಹೇಳುವ ಬಾಯಿ ನನಗೀಗ ಇಲ್ಲ. ಇಷ್ಟೇ ಕೇಳಿಕೊಳ್ಳುತ್ತೇನೆ: ಕಿಟಕಿಯಾಚೆ ನಿಂತವರಿಗೆ ನಿನಗೆ ಗೊತ್ತಿರುವುದನ್ನು ಹೇಳಿಬಿಡು. ಗೊತ್ತಿಲ್ಲದಿದ್ದರೆ ಎದ್ದು ಹೋಗಿ ಕೇಳಿಕೊಂಡು ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹೋದಲ್ಲೆಲ್ಲ ನಿನಗೆ ಒಳ್ಳೆಯದೇ ಆಗಲಿ, ತಾಯಿ. ಇದನ್ನು ಓದಿದ ಮೇಲೂ ನನಗೆ ಫೋನು ಮಾಡು.

ಇಂತಿ,
ನಿನ್ನ ಅಮ್ಮ

ಮ. ಮಾ.: ಇದು ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವಳು ವಾರ್ಡಿನಲ್ಲಿದ್ದಾಗ ಒಮ್ಮೆ ನೋಡಲು ಹೋಗಿದ್ದೆ, ಕಾಲು ಹಿಡಿದು ಕೇಳಿಕೊಳ್ಳಬೇಕೆಂದೇ. ನನ್ನನ್ನು ಕಂಡವಳೇ ಏಳಲು ನೋಡಿದಳು, ಆಗಲಿಲ್ಲ. ನನ್ನ ಕೈ ಹಿಡಿದುಕೊಂಡು, ‘ತಪ್ಪಾಯ್ತು ಅಕ್ಕಾ. ಕಳ್ಳ ಸಹಿ ಹಾಕಿ ನಿಮ್ಮನ್ನೂ ಸಿಕ್ಕಿಸ್ತಿದ್ದೆ. ಮನಸ್ಸಲ್ಲಿ ಇಟ್ಕೋಬೇಡಿ’ ಅಂದಳು. ಪಕ್ಕದ ಮಂಚದವರು ನಮ್ಮನ್ನೇ ನೋಡುತ್ತಿದ್ದರು. ‘ಹೋಗಲಿ ಬಿಡು’ ಎಂದು ಅವಳ ತಲೆ ಸವರಿ ಬಂದುಬಿಟ್ಟೆ. ಡಾಕ್ಟರಿಗೆ, ಮೇಲಧಿಕಾರಿಗೆ, ಅಪ್ಪನಿಗೆ, ಈಗ ನಿನಗೆ, ಎಲ್ಲರಿಗೂ ಹೇಳಿದ್ದೇನೆ. ಅವಳಿಗೆ ಇನ್ನೂ ಹೇಳಿಲ್ಲ. ನಾನು ಅವಳನ್ನು ಕ್ಷಮಿಸಿದ್ದೇನೆ ಎಂದೇ ಅವಳು ತಿಳಿದಿದ್ದಾಳೆ.