ಕೊಂಡಾಟದ ದಿನ ನೀವು ಕಂಡ ಊಟ

ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ

ಮಾತಾಡಿದರೆ ಕಷ್ಟ, ಮಾತಾಡದಿದ್ದರೆ ಇನ್ನೂ ಕಷ್ಟ ಅನ್ನಿಸುವ ನಮ್ಮ ಬೀಗಿತ್ತಿಯಮ್ಮನವರಿಗೆ,

ನಿಮ್ಮ ಮಗಳ ಮಾವ ಮಾಡುವ ನಮಸ್ಕಾರ. ಅಕ್ಷರ ನೋಡಿದ ಕೂಡಲೇ ಇದು ಆ ಮುದುಕನ ಹೊಸ ಕುಚೇಷ್ಟೆ ಎಂದು ಕಾಗದವನ್ನು ಒಲೆಗೆ ಹಾಕಬೇಡಿ. ಮಕ್ಕಳ ಮದುವೆಯ ದಿನ ನಿಮ್ಮ ಎಡಗಾಲಿನ ಚಪ್ಪಲಿಯನ್ನು ಕಿಟಕಿಯ ಮೇಲಿಟ್ಟವನು ನಾನೇ. ನೀವು ಕುಂಟುತ್ತ ಇಡೀ ಹಾಲ್ ಹುಡುಕುವಾಗ, ‘ಅಯ್ಯೋ ಪಾಪ’ ಎಂದು ನಿಮ್ಮ ಜೊತೆ ಕುರ್ಚಿಗಳ ಕೆಳಗೆ ಬಗ್ಗಿ ನೋಡಿದವನೂ ನಾನೇ. ಇವತ್ತು ಹಾಗಲ್ಲ. ಕೆಲಸವಿದ್ದಷ್ಟು ಕಾಲವೂ ಬಸ್ಸಿನಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗಿದ ಕಂಡಕ್ಟರ್ ಈಗ ನಿಮ್ಮನ್ನು, ದಯವಿಟ್ಟು ಸ್ವಲ್ಪ ಹಿಂದಕ್ಕೆ ಬನ್ನಿ ಎಂದು ಕೇಳುತ್ತಿದ್ದಾನೆ.

ಬೀಗರು ಎಂದರೆ ಬೀಗುವವರು ಅಂತ ಕೆಲವರು, ಬೀಗ ಹಾಕಿಕೊಂಡವರು ಅಂತ ಇನ್ನು ಕೆಲವರು. ನಾವು ಪಟ್ಟಣ ಬಿಟ್ಟು ಈ ನೆಲಕ್ಕೆ ಬಂದಂದಿನಿಂದ ನೀವು ಬಾಯಿಗೂ ಬಾಗಿಲಿಗೂ ಬೀಗ ಹಾಕಿದ್ದೀರಿ. ನಿಮ್ಮ ಕೋಪಕ್ಕೆ ಬುಡವಿಲ್ಲ ಎನ್ನಲಾರೆ. ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ನರ್ಸ್ ಕೆಲಸ ಮಾಡಿ, ಒಬ್ಬರೇ ಮಗಳನ್ನು ಬೆಳೆಸಿದಿರಿ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಗುವ ಹಾಗೆ ಓದಿಸಿದಿರಿ. ಅಂಥವಳು ಒಂದು ದಿನ ಬಿಳಿ ಕೋಟು ಬಿಚ್ಚಿಟ್ಟು, ಸಗಣಿ ಬಾಚುತ್ತೇನೆ ಎಂದರೆ ಯಾವ ತಾಯಿ ತಾನೇ ಕುಣಿಯುತ್ತಾಳೆ? ನನ್ನ ಮಗನನ್ನು ಬಿಡಿ. ಅವನು ಲಿಫ್ಟ್ ರಿಪೇರಿಯವನು, ಜೀವಮಾನವೆಲ್ಲ ಮೇಲೆ ಕೆಳಗೆ ಓಡಾಡಿ ಸಾಕಾಗಿ ನೆಲಕ್ಕೆ ಬಂದ. ‘ನಿಮ್ಮ ಗೇಟಿಗೆ ನಾನು ಕಾಲಿಡಲ್ಲ’ ಎಂದು ನೀವು ಆಡಿದ ಮಾತು ನಮ್ಮೆಲ್ಲರ ಕಿವಿಯಲ್ಲಿ ಇನ್ನೂ ಬಿಸಿಯಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಬುಧವಾರ ಬೆಳಿಗ್ಗೆ ನಮ್ಮ ತರಕಾರಿ ಬುಟ್ಟಿಗಳನ್ನು ಒಯ್ಯಲು ವ್ಯಾನಿನವನು ಬಂದ. ಬಂದವನು ಬುಟ್ಟಿ ಹತ್ತಿಸುವುದು ಬಿಟ್ಟು ಒಂದು ಮೂಟೆ ಇಳಿಸಿದ. ಗೇಟಿನ ಹತ್ತಿರ ನಾನು, ನನ್ನ ಮಗ ಇಬ್ಬರೇ ಇದ್ದೆವು. ಏನೋ ಇದು, ಹೋದ ಮಾಲು ವಾಪಸ್ ಬಂತಾ ಎಂದೆ.

‘ವಾಪಸ್ ಅಲ್ಲ ಅಜ್ಜ, ಕಳಿಸಿದ್ದು. ನಿಮ್ಮ ಬೀಗರು, ಆ ನರ್ಸಮ್ಮ. ಜೊತೆಗೆ ಒಂದು ಮಾತೂ ಕಳಿಸಿದ್ದಾರೆ. ನಾನು ಹೇಳಲ್ಲಪ್ಪ, ನೀವು ನನ್ನನ್ನ ಬೈತೀರಿ’ ಎಂದ.

‘ಹೇಳೋ ಮಾರಾಯ. ಮೂಟೆ ಹೊತ್ಕೊಂಡು ಬಂದೋನಿಗೆ ಮಾತು ಭಾರವಾಯ್ತಾ?’ ಎಂದೆ.

ಅವನು ಕಣ್ಣು ಮುಚ್ಚಿಕೊಂಡು ಮಗ್ಗಿ ಒಪ್ಪಿಸುವ ಹಾಗೆ ಶುರು ಮಾಡಿದ: ‘ಚೆನ್ನಾಗಿರೋದನ್ನೆಲ್ಲ ಪೇಟೆಗೆ ಮಾರ್ಕೊಂಡು ನನ್ನ ಮೊಮ್ಮಗಳಿಗೆ ಒಣ ಬ್ರೆಡ್ ತಿನ್ನಿಸ್ತಿದ್ದೀರಾ? ಕಣ್ಣಾರೆ ನೋಡ್ದೆ. ಇದನ್ನಾದ್ರೂ ಮಾರ್ಬೇಡಿ, ಬೇಯಿಸಿ ಹಾಕಿ. ಸ್ಕೂಲ್ ಶುರುವಾಗೋ ಮುಂಚೆ ಮಗೂನ ನನ್ನ ಹತ್ರ ಬಿಡಿ, ನಾನು ಸಾಕ್ತೀನಿ.’ ಕಣ್ಣು ಬಿಟ್ಟು, ‘ಇದ್ರಲ್ಲಿ ನಂದು ಒಂದಕ್ಷರವೂ ಇಲ್ಲ ಅಜ್ಜ’ ಎಂದು ವ್ಯಾನ್ ಹತ್ತಿದ. ಅವಸರದಲ್ಲಿ ನಮ್ಮ ಬುಟ್ಟಿಗಳನ್ನು ಬಿಟ್ಟೇ ಹೊರಟವನನ್ನು ನನ್ನ ಮಗ ಓಡಿಹೋಗಿ ನಿಲ್ಲಿಸಿದ.

ಮೂಟೆ ಬಿಚ್ಚಿದೆವು. ಬೀನ್ಸ್, ಬದನೆಕಾಯಿ, ಕ್ಯಾರೆಟ್, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪು. ಸೊಪ್ಪನ್ನು ಬಾಡದ ಹಾಗೆ ಸುತ್ತಿದ ಕೈ ಯಾವುದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಬ್ಯಾಂಡೇಜು ಕಟ್ಟಿದ ಕೈ. ಎಲ್ಲಕ್ಕಿಂತ ಕೆಳಗೆ ಒಂದು ಕುಂಬಳಕಾಯಿ. ಮಗ ಅದನ್ನು ಎತ್ತಿ ತಿರುಗಿಸಿ ನೋಡಿದವನು ಹಾಗೇ ಮೂಟೆಯ ಪಕ್ಕ ಕೂತುಬಿಟ್ಟ. ನೀವು ಆ ಕಾಯಿಯನ್ನು ತಿರುಗಿಸಿ ನೋಡಿರಲಿಲ್ಲ ಎಂದು ಕಾಣುತ್ತದೆ. ಅದರ ಬೆನ್ನ ಮೇಲೆ ದಪ್ಪಕ್ಷರದಲ್ಲಿ ‘ಹೆಗಲು ಮುಟ್ಟಿ ನೋಡ್ಕೊಳ್ಳಿ’ ಎಂದಿತ್ತು.

ಅಕ್ಷರ ನನ್ನದೇ. ಕಾಯಿ ಮುಷ್ಟಿಯಷ್ಟಿದ್ದಾಗ ಮೊಳೆಯಲ್ಲಿ ಗೀಚಿದರೆ, ಅದು ಬೆಳೆದ ಹಾಗೆ ಗಾಯ ಮಾಗಿ ಅಕ್ಷರವೂ ಬೆಳೆಯುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಊರವರೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳಲಿ ಎಂದು ನಾನು ಮಾಡಿ ಕಳಿಸಿದ ಚೇಷ್ಟೆ ಪೇಟೆ ಸುತ್ತಿ, ನಿಮ್ಮ ಅಡುಗೆಮನೆ ನೋಡಿ, ನಮ್ಮ ಗೇಟಿಗೇ ಬಂತು. ‘ನೋಡಪ್ಪ, ತವರಿನ ದಾರಿ ಕುಂಬಳಕಾಯಿಗೂ ಗೊತ್ತು’ ಎಂದ ನನ್ನ ಮಗ. ನಗಬೇಕಾದವನು ನಾನು. ನಗು ಬರಲಿಲ್ಲ.

ನೀವು ವಾರವಾರವೂ ನಮ್ಮ ಬುಟ್ಟಿ ಬರುವ ತನಕ ಅಂಗಡಿಯ ಮುಂದೆ ಕಾಯುವುದು ನನಗೆ ಗೊತ್ತು. ಅಂಗಡಿಯವನೇ ಹೇಳಿದ: ‘ಆ ನರ್ಸಮ್ಮ ಬೇರೆ ಬುಟ್ಟಿ ಮುಟ್ಟೋದೇ ಇಲ್ಲ ಅಜ್ಜ. ಬೀನ್ಸ್ ಮುರಿದು ನೋಡ್ತಾರೆ, ಸೊಪ್ಪು ಮೂಸಿ ನೋಡ್ತಾರೆ. ಆಮೇಲೆ ಯಾರಿಗೂ ಹೇಳ್ಬೇಡ ಅಂತಾರೆ.’ ಅವನು ಯಾರಿಗೂ ಹೇಳಲಿಲ್ಲ, ನನಗೆ ಮಾತ್ರ ಹೇಳಿದ. ನಾನೂ ಯಾರಿಗೂ ಹೇಳಲಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ. ಹಾಗಾಗಿ, ಒಳ್ಳೆಯದೆಲ್ಲ ಮಾರಿ ಕೆಟ್ಟದ್ದು ತಿನ್ನುತ್ತಾರೆ ಎಂದು ನಿಮಗೆ ಅನ್ನಿಸಿದ್ದು ನನಗೆ ಅರ್ಥವಾಗುತ್ತದೆ. ಕೊಂಡ ಬದನೆಕಾಯಿ ಒಂದೊಂದೂ ಮೊಮ್ಮಗಳ ತಟ್ಟೆಯಿಂದ ಕಿತ್ತದ್ದು ಎಂದುಕೊಂಡು ನೀವು ಹೇಗೆ ನುಂಗಿದಿರೋ.

ಹೋದ ಭಾನುವಾರ ಬೇಲಿಯ ಆಚೆ ನಿಂತ ಕಂದು ಬಣ್ಣದ ಕೊಡೆ ನಿಮ್ಮದೇ ಎಂದು ನಾನು ಬಲ್ಲೆ. ಕೊಡೆಯ ಕೆಳಗೆ ಬಿಳಿ ಶೂ ಕಾಣುತ್ತಿತ್ತು. ರಿಟೈರ್ ಆದ ಮೇಲೂ ಅಷ್ಟು ಬಿಳಿ ಶೂ ಹಾಕುವವರು ನನಗೆ ಗೊತ್ತಿರುವ ಹಾಗೆ ಒಬ್ಬರೇ. ಹಾಗಾದರೆ ಯಾಕೆ ಕೂಗಲಿಲ್ಲ ಅಂತೀರಾ? ಬಾಯಲ್ಲಿ ಬ್ರೆಡ್ ಇತ್ತು ಅಂದುಕೊಳ್ಳಿ.

ಅಮ್ಮಾ, ಇಡೀ ವರ್ಷದಲ್ಲಿ ನೀವು ಬರಬಾರದಿದ್ದ ದಿನ ಒಂದೇ ಒಂದು. ಹುಡುಕಿ ಹುಡುಕಿ ಅದೇ ದಿನ ಬಂದಿರಿ.

ನಾವು ಇಲ್ಲಿಗೆ ಮೊದಲು ಬಂದಿಳಿದಾಗ ಮನೆಯೊಳಗೆ ಬಾವಲಿ, ಒಲೆಯೊಳಗೆ ಹಾವಿನ ಪೊರೆ. ಬೆಂಕಿ ಹಚ್ಚಿದರೆ ಹೊಗೆ ಮೇಲೆ ಹೋಗುವುದು ಬಿಟ್ಟು ನಮ್ಮ ಮೇಲೇ ಬರುತ್ತಿತ್ತು. ನಿಮ್ಮ ಮೊಮ್ಮಗಳು ಹಸಿವಿನಿಂದ ಜೀರ್ ಎಂದು ಹಿಡಿದ ರಾಗ ನಿಲ್ಲಿಸಲಿಲ್ಲ. ಜೀರುಂಡೆ ಎಂಬ ಹೆಸರು ನಾನು ಇಟ್ಟದ್ದು ಆ ಹೊತ್ತಿನಲ್ಲೇ. ಸಾಮಾನಿನ ಪೆಟ್ಟಿಗೆಗಳನ್ನು ಅಂಗಳದಲ್ಲಿ ಬೋರಲು ಹಾಕಿ ಕೂತೆವು. ನಿಮ್ಮ ಮಗಳು ಒಂದು ಬ್ರೆಡ್ ಪೊಟ್ಟಣ, ಜಾಮ್, ಹಣ್ಣಿನ ಡಬ್ಬಿ ತೆಗೆದಳು. ಡಬ್ಬಿಯನ್ನು ನನ್ನ ಮಗ ಲಿಫ್ಟ್ ಬಿಚ್ಚುವ ಸ್ಕ್ರೂಡ್ರೈವರಿನಲ್ಲಿ ಕೊರೆದ. ‘ಇವತ್ತು ಕೊಂಡು ತಂದಿದ್ದು ತಿನ್ನೋಣ ಮಾವ, ನಾಳೆಯಿಂದ ಬೆಳೆದದ್ದು’ ಎಂದಳು ಅವಳು. ಆ ‘ನಾಳೆ’ ಬರಲು ಎರಡು ಮಳೆಗಾಲ ಹಿಡಿಯಿತು, ಅದು ಬೇರೆ ಮಾತು.

ಅಂದಿನಿಂದ ವರ್ಷಕ್ಕೊಮ್ಮೆ ಅದೇ ತಾರೀಕಿಗೆ ಅದೇ ಊಟ. ಒಲೆ ಹಚ್ಚುವ ಹಾಗಿಲ್ಲ, ಗುದ್ದಲಿ ಮುಟ್ಟುವ ಹಾಗಿಲ್ಲ, ಕುರ್ಚಿ ಹೊರಗೆ ತರುವ ಹಾಗಿಲ್ಲ. ಹಸು, ಕೋಳಿಗಳಿಗೆ ಮಾತ್ರ ವಿನಾಯಿತಿ, ಅವು ಕ್ಯಾಲೆಂಡರ್ ನೋಡುವುದಿಲ್ಲ. ಬೇರೆ ದಿನ ಒಬ್ಬರು ಕೊಟ್ಟಿಗೆಯಲ್ಲಿದ್ದರೆ ಇನ್ನೊಬ್ಬರು ಪಾತಿಯಲ್ಲಿ; ನಾಲ್ವರೂ ಒಟ್ಟಿಗೆ ಬೆಳಗಿಂದ ಸಂಜೆ ತನಕ ಒಂದೇ ಕಡೆ ಕೂರುವ ದಿನ ಅದೊಂದೇ. ಕೊಂಡು ತಂದು ಆಟ ಆಡುವ ದಿನವಾದ್ದರಿಂದ ಅದಕ್ಕೆ ಕೊಂಡಾಟ ಎಂದು ಹೆಸರಿಟ್ಟವನು ನಾನು.

ಇನ್ನು ನೀವು ಕಂಡದ್ದು. ನಿಮ್ಮ ಮಗಳು ಬೋರಲು ಪೆಟ್ಟಿಗೆಯ ಮೇಲೆ ಕೂತು ಕಾಗದದ ಮೇಲೆ ಬ್ರೆಡ್ ಇಟ್ಟುಕೊಂಡಿದ್ದಳು, ನಿಜ. ತಟ್ಟೆ ತೊಳೆಯುವ ಕೆಲಸಕ್ಕೂ ಅವತ್ತು ರಜಾ. ನಾನು ತೂತುಬಿದ್ದ ಕೋಟು ಹಾಕಿಕೊಂಡಿದ್ದೆ, ಅದೂ ನಿಜ. ಅದು ನನ್ನ ಹಳೆಯ ಕಂಡಕ್ಟರ್ ಕೋಟು. ವರ್ಷಕ್ಕೊಮ್ಮೆ ಅದನ್ನು ಹಾಕಿಕೊಂಡು, ‘ಟಿಕೆಟ್ ಇಲ್ದೋರಿಗೆ ಜಾಮ್ ಇಲ್ಲ’ ಎಂದು ಮಗುವಿನ ಕೈಯಿಂದ ಬಾಟಲಿ ಕಿತ್ತುಕೊಳ್ಳುತ್ತೇನೆ. ರಸ್ತೆಯಲ್ಲಿ ಜಾಮ್ ಕಂಡರೆ ಬೈಯುತ್ತಿದ್ದವನು ಈಗ ಜಾಮ್ ಕಂಡರೆ ಬೆರಳು ನೆಕ್ಕುತ್ತೇನೆ. ಅಷ್ಟರಲ್ಲಿ ಜೀರುಂಡೆ ಬೇಲಿ ಹಾರುವಷ್ಟು ಜೋರಾಗಿ ಕೂಗಿದಳು: ‘ಅಮ್ಮಾ, ಇನ್ನೊಂದು ತುಂಡು ಕೊಡೇ! ಇವತ್ತು ಬಿಟ್ರೆ ಮತ್ತೆ ನಂಗೆ ಯಾವಾಗ ಸಿಗುತ್ತೋ!’

ಆ ಮಾತು ಕೇಳಿಯೇ ನಿಮ್ಮ ಕೊಡೆ ವಾಲಿದ್ದು. ಅವಳು ಕೇಳಿದ್ದು ಹಸಿವಿಗಲ್ಲ ತಾಯಿ, ಆಸೆಗೆ. ವರ್ಷವೆಲ್ಲ ಸೊಪ್ಪು, ಹಾಲು, ಮೊಟ್ಟೆ, ಬೆಣ್ಣೆ ತಿಂದು ತಿಂದು ಆ ಹುಡುಗಿಗೆ ಅಂಗಡಿಯ ಬ್ರೆಡ್ ಎಂದರೆ ಅಮೃತ. ಮುಂದಿನ ಎರಡು ಹಲ್ಲು ಕಾಣದೆ ನೀವು ಗಾಬರಿಯಾಗಿರಬಹುದು; ಅವು ಹಾಲುಹಲ್ಲು, ಹೊಸವು ಆಗಲೇ ಇಣುಕುತ್ತಿವೆ. ನಿಮ್ಮ ಮಗಳು ತೆಳ್ಳಗಾಗಿದ್ದಾಳೆ, ಇಲ್ಲ ಎನ್ನುವುದಿಲ್ಲ. ಆದರೆ ಹಗ್ಗ ಇರುತ್ತದಲ್ಲ, ಅಂಥ ತೆಳುವು. ಮೊನ್ನೆ ಕೊಸರಾಡುವ ಕರುವನ್ನು ಒಬ್ಬಳೇ ಎಳೆದು ತಂದಳು.

ಮೊದಲ ವರ್ಷ ನೀವು ಬೇಲಿಯ ಹತ್ತಿರ ನಿಂತಿದ್ದರೆ ನೀವು ಅಂದುಕೊಂಡದ್ದೆಲ್ಲ ನಿಜವೇ ಆಗಿರುತ್ತಿತ್ತು. ಬಿತ್ತಿದ್ದನ್ನು ಹಂದಿ ತಿಂದಿತು, ಉಳಿದದ್ದನ್ನು ಹುಳ ತಿಂದಿತು, ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಗ ಅವಳು ಅನೇಕ ಸಲ ನಿಮಗೆ ಫೋನ್ ಮಾಡಲು ಹೋಗಿ, ಕೈಯಲ್ಲಿ ಹಿಡಿದುಕೊಂಡು, ಒರೆಸಿ ಇಟ್ಟುಬಿಡುತ್ತಿದ್ದಳು. ನಿಮ್ಮ ಫೋನೂ ಹಾಗೇ ಫಳಫಳ ಹೊಳೆಯುತ್ತಿರಬಹುದು ಎಂದು ನನ್ನ ಊಹೆ.

ಈಗ ನನಗಿರುವ ಭಯ ಹೇಳುತ್ತೇನೆ. ಮೂಟೆ ಬಂದಾಗ ಸೊಸೆ ಹಿತ್ತಲಲ್ಲಿದ್ದಳು. ನೀವು ಬಂದದ್ದು, ಮಾತು ಕಳಿಸಿದ್ದು ಅವಳಿಗೆ ಏನೂ ಗೊತ್ತಿಲ್ಲ. ಹೇಳೋಣವೇ ಎಂದು ಕೇಳಿದರೆ ನನ್ನ ಮಗ ನನ್ನ ಬಾಯಿ ಮುಚ್ಚಿದ. ‘ಬೇಡ ಅಪ್ಪ. ಅತ್ತೆ ಮಗೂನ ಕೇಳಿದ್ರು ಅಂತ ಗೊತ್ತಾದ್ರೆ ಅವಳು ಕಳಿಸಿದ್ರೂ ಕಳಿಸ್ತಾಳೆ. ಹಾಗಾದ್ರೂ ಅಮ್ಮ ಮಾತಾಡ್ಲಿ ಅಂತ. ಆಮೇಲೆ ಈ ಮನೇಲಿ ಅವಳನ್ನ ನೋಡೋಕಾಗುತ್ತಾ?’ ಎಂದ. ಅವನು ಹೇಳಿದ್ದು ಸರಿ. ನೀವು ಕೇಳಿದರೆ ಅವಳು ಕೊಡುತ್ತಾಳೆ. ಕೊಟ್ಟು, ಬಾಗಿಲಲ್ಲಿ ನಿಂತು ಕೈಬೀಸಿ, ಒಳಗೆ ಬಂದು ಸುಮ್ಮನೆ ಕ್ಯಾರೆಟ್ ತೊಳೆಯುತ್ತಾಳೆ. ನಿಮ್ಮ ಹಟ, ನಿಮ್ಮ ಮೂಗು, ಎರಡನ್ನೂ ಹೊತ್ತು ಹುಟ್ಟಿದವಳು.

ಅದಕ್ಕೇ ಬೇಡಿಕೊಳ್ಳುತ್ತೇನೆ, ಮಗುವನ್ನು ಕೇಳಬೇಡಿ. ಮಗಳನ್ನು ಕೇಳಿ. ಬಂದು ಕೇಳಿ. ನಮ್ಮ ವಿಶೇಷದ ದಿನ ಬಂದರೆ ನಿಮಗೆ ಒಣ ಬ್ರೆಡ್ಡೇ ಗತಿ. ಯಾವುದಾದರೂ ಮಾಮೂಲಿ ದಿನ ಬನ್ನಿ, ಹಬ್ಬದೂಟ ಹಾಕುತ್ತೇವೆ. ಇವತ್ತಿನ ಮಾಮೂಲಿ ಊಟ ಕೇಳಿ: ನಿಮ್ಮ ಮೂಟೆಯ ಬೀನ್ಸು ನಮ್ಮ ಬೆಣ್ಣೆಯಲ್ಲಿ ಬೆಂದಿತ್ತು, ಮೇಲೆ ಮೊಟ್ಟೆ, ಕೊನೆಗೆ ಗಟ್ಟಿ ಮೊಸರು. ಜೀರುಂಡೆ ತಟ್ಟೆ ದೂಡಿ, ‘ಮತ್ತೆ ಬೀನ್ಸಾ?’ ಎಂದು ಮುಖ ಸೊಟ್ಟ ಮಾಡಿದಳು. ನಿಮ್ಮ ನರ್ಸ್ ಕಣ್ಣಿಂದ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಲಿಗೆ ಚಾಚಿಸಿ ನೋಡಿ, ತೂಕ ಮಾಡಿ ನೋಡಿ. ರಕ್ತ ಕಡಿಮೆ ಅನ್ನಿಸಿದರೆ ನಾನೇ ಅವಳ ಚೀಲ ಹೊತ್ತು ನಿಮ್ಮ ಮನೆಗೆ ತಂದುಬಿಡುತ್ತೇನೆ. ಇದರಲ್ಲಿ ತಮಾಷೆ ಇಲ್ಲ.

ನಿಮ್ಮ ಚಪ್ಪಲಿ ಮುಟ್ಟುವುದಿಲ್ಲ ಎಂದು ಮಾತು ಕೊಡುತ್ತೇನೆ. ವಾಪಸ್ ಹೋಗಲು ಬಿಡಬಾರದು ಅನ್ನಿಸಿದರೆ ಮಾತ್ರ, ನೋಡೋಣ.

ಬೈಗುಳಕ್ಕೆ ಕಿವಿ, ನಿಮಗೆ ಜಾಗ, ಎರಡನ್ನೂ ಖಾಲಿ ಇಟ್ಟುಕೊಂಡಿರುವ,
ಜೀರುಂಡೆಯ ಅಜ್ಜ

ತಾ.ಕ.: ನೀವು ಬಂದದ್ದು ಸೊಸೆಗೆ ಗೊತ್ತಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ನನ್ನ ಮಗ ನಂಬಿರುವ ಮಾತು. ಕೊಡೆಯನ್ನು ಮೊದಲು ಕಂಡವಳು ಅವಳೇ. ನಾನು ಕೂಗಲು ಬಾಯಿ ತೆರೆದಾಗ ನನ್ನ ಕೋಟಿನ ತೋಳು ಹಿಡಿದು ಜಗ್ಗಿ, ‘ಸುಮ್ನಿರಿ ಮಾವ, ಅದು ನಮ್ಮಮ್ಮ. ಕರೆದ್ರೆ ಹೊರಟೇ ಹೋಗ್ತಾಳೆ. ತಾನಾಗೇ ಬರ್ಲಿ’ ಎಂದು ಪಿಸುಗುಟ್ಟಿದಳು. ಆಮೇಲೆ ಇನ್ನೊಂದು ಪೆಟ್ಟಿಗೆ ತಂದು ತನ್ನ ಪಕ್ಕದಲ್ಲಿ ಬೋರಲು ಹಾಕಿದಳು. ಬ್ರೆಡ್ಡಿಗೆ ಅಂಚಿನ ತನಕ ಜಾಮ್ ಸವರಿ ಅದರ ಮೇಲಿಟ್ಟಳು. ಇರುವೆ ಮುತ್ತುವ ತನಕ ಮಗುವಿಗೂ ಕೊಡಲಿಲ್ಲ. ಕೊಂಡಾಟ ಮುಗಿದು ಇವತ್ತಿಗೆ ವಾರವಾಯಿತು. ಉಳಿದ ಪೆಟ್ಟಿಗೆಗಳೆಲ್ಲ ಒಳಗೆ ಹೋದವು. ಅದೊಂದು ಇನ್ನೂ ಅಂಗಳದಲ್ಲೇ ಇದೆ. ಕೋಳಿ ಹತ್ತಿ ಕೂತರೂ ಬಂದು ಓಡಿಸುತ್ತಾಳೆ.